ಶೇಕಡ ನೂರು

ಜೂನ್ ತಿಂಗಳ ಎರಡನೇ ಶನಿವಾರ ಚಲಪತಿ ಕಳವಾರದ ಬೆಟ್ಟ ಹತ್ತಿ, ಅಲ್ಲಿ ಡಬ್ಬಿಯೊಳಗಿದ್ದ ಅಂಗೈಯಗಲದ ಕಂಪ್ಯೂಟರಿನಿಂದ ಹಳೆಯ ಮೆಮೊರಿ ಕಾರ್ಡನ್ನು ಕಿತ್ತು ಹೊಸದನ್ನು ಸಿಕ್ಕಿಸಿ ಇಳಿದು ಬಂದ. ಹತ್ತು ನಿಮಿಷದ ಕೆಲಸ. ಹಳೆಯದನ್ನು ಬಿಸಾಡಲು ಮನಸ್ಸಾಗದೆ ಮನೆಯ ಮೇಜಿನ ಡ್ರಾಯರಿನಲ್ಲಿಟ್ಟ.

ಚಲಪತಿ ಚಿಕ್ಕಬಳ್ಳಾಪುರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವನು. ವಯಸ್ಸು ನಲವತ್ನಾಲ್ಕು. ಅವನಿಗೆ ರೇಡಿಯೊ ಹುಚ್ಚು ಹಿಡಿಸಿದವರು ಕಳವಾರದ ಚೆನ್ನರಾಯಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು, ಕಾಲೊನಿಯಿಂದ ಬರುತ್ತಿದ್ದ ಚಲಪತಿಯನ್ನು ಭಾನುವಾರದ ದಿನ ತಮ್ಮ ನಡುಮನೆಗೇ ಕರೆದು ಕೂರಿಸಿಕೊಂಡು ಬೆಸುಗೆ ಹಾಕುವುದನ್ನು ಕಲಿಸಿದ್ದರು. ಯಾರೋ ನೆಂಟರು ಇದೇನು ಮೇಷ್ಟ್ರೇ ಎಂದು ಎಳೆದಾಗ, ‘ಕಬ್ಬಿಣ ಕಾಯಿಸೋಕೆ ಜಗಲಿ ಮೇಲೆ ಪ್ಲಗ್ಗಿಲ್ಲ ಕಣಯ್ಯ’ ಅಂದು ಅವರ ಬಾಯಿ ಮುಚ್ಚಿಸಿದ್ದರಂತೆ. ಮೇಷ್ಟ್ರ ಹೆಂಡತಿ ಮುನಿಶಾಮಮ್ಮ ಏನೂ ಅಂದವರಲ್ಲ. ತಮ್ಮ ಮಗ ಸುನೀಲ್‌ಕುಮಾರನ ತಟ್ಟೆಯ ಪಕ್ಕದಲ್ಲೇ ಇನ್ನೊಂದು ತಟ್ಟೆ ಇಟ್ಟು ಮುದ್ದೆ ಬಡಿಸಿದ್ದರು. ಮುಂದೆ ಎಷ್ಟೋ ವರ್ಷಕ್ಕೆ ಮೇಷ್ಟ್ರೂ ಶಿಷ್ಯನೂ ಒಟ್ಟಿಗೆ ಪರೀಕ್ಷೆಗೆ ಕೂತು, ಒಟ್ಟಿಗೇ ಪಾಸಾಗಿ, ಹವ್ಯಾಸಿ ರೇಡಿಯೊದ ಲೈಸೆನ್ಸ್ ಪಡೆದರು. ಶಿಷ್ಯನಿಗೆ ಮೂರು ಅಂಕ ಜಾಸ್ತಿ ಬಂದಿತ್ತು. ಮೇಷ್ಟ್ರು ಅದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಕಳವಾರದ ಬೆಟ್ಟದ ಹಿಂಬದಿಗೆ ಫೋನ್ ಸಿಗುವುದಿಲ್ಲ. ಹುಲ್ಲಿಗೆ ಹೋದವರು, ಹಸು ಹುಡುಕಿಕೊಂಡು ಹೋದವರು, ದಾರಿ ತಪ್ಪಿಸಿಕೊಂಡ ಚಾರಣದವರು, ಯಾರಿಗೆ ಏನಾದರೂ ಕೂಗಿದ್ದು ಬಂಡೆಗಳಿಗಷ್ಟೇ ಕೇಳಿಸಬೇಕು. ಯಾರಾದರೂ ಕಾಣೆಯಾದರೆ ಊರಿನವರು ಮೊದಲು ಬರುತ್ತಿದ್ದದ್ದು ಮೇಷ್ಟ್ರ ಬಾಗಿಲಿಗೆ. ಅರವತ್ಮೂರು ವರ್ಷದ ಆ ಮನುಷ್ಯನಿಗೆ ಬೆಟ್ಟದ ಒಂದೊಂದು ಸಂದಿಯೂ ಗೊತ್ತಿತ್ತು. ಹುಡುಕಲು ಹೋದವರೇ ಕಾಣೆಯಾದರೆ ಏನು ಗತಿ ಎಂದು ಯೋಚಿಸಿ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಮೇಷ್ಟ್ರ ಕೈಯಲ್ಲಿ ಒಂದು ರೇಡಿಯೊ ಸೆಟ್ಟು. ಅದು ಎರಡು ನಿಮಿಷಕ್ಕೊಮ್ಮೆ ತಾನಿರುವ ಜಾಗವನ್ನು ತಾನಾಗಿಯೇ ಹೇಳುತ್ತದೆ, ಬೇಕೆಂದರೆ ನಾಲ್ಕು ಮಾತು ಬರೆದೂ ಕಳಿಸಬಹುದು. ಬೆಟ್ಟದ ಮೇಲೆ, ಅಪ್ಪಣೆ ಪಡೆದು ನಿಲ್ಲಿಸಿದ ಒಂದು ಕಂಬ, ಅದಕ್ಕೊಂದು ಆಂಟೆನಾ, ಸೋಲಾರ್ ಹಲಗೆ, ಬ್ಯಾಟರಿ, ಡಬ್ಬಿಯೊಳಗೆ ಕಂಪ್ಯೂಟರು. ಅದು ಹಿಂಬದಿಯ ದನಿಯನ್ನು ಕೇಳಿಸಿಕೊಂಡು, ಬಿಡಿಸಿ ಓದಿ, ಮುಂಬದಿಗೆ ದಾಟಿಸುತ್ತದೆ. ಅದನ್ನು ಪಟ್ಟಣದಲ್ಲಿ ಚಲಪತಿಯ ಮನೆಯ ಮಹಡಿಯ ಮೇಲಿನ ಇನ್ನೊಂದು ರೇಡಿಯೊ ಹಿಡಿದು ಅವನ ಫೋನಿಗೆ ಮುಟ್ಟಿಸುತ್ತದೆ. ಬೆಟ್ಟದ ಮೇಲಿನದಕ್ಕೆ ಅವರಿಬ್ಬರೂ ‘ಸ್ಟೇಷನ್’ ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಅದು ಐದು ಜನರನ್ನು ಸುರಕ್ಷಿತವಾಗಿ ಇಳಿಸಿಕೊಂಡು ಬರಲು ನೆರವಾಗಿತ್ತು.

ಕೇಳಿಸಿಕೊಂಡದ್ದನ್ನು ಬಿಡಿಸಿ ಓದುವ ಕೆಲಸ ‘ಪಿಪ್‌ಟೋನ್’ ಎಂಬ ತಂತ್ರಾಂಶದ್ದು. ಅದನ್ನು ಯಾರೂ ಮಾರುವುದಿಲ್ಲ. ಬೇರೆ ಬೇರೆ ದೇಶದ ಹವ್ಯಾಸಿಗಳು ಬಿಡುವಿನಲ್ಲಿ ಬರೆದು ಎಲ್ಲರೂ ನೋಡುವಂತೆ, ತಿದ್ದುವಂತೆ ತೆರೆದಿಟ್ಟಿದ್ದಾರೆ. ಅದರ ಹೊಸ ಆವೃತ್ತಿ ಕ್ಷೀಣವಾದ ದನಿಯನ್ನೂ ಹಿಡಿಯುತ್ತದೆ ಎಂದು ಓದಿ ಚಲಪತಿ ಜೂನಿನಲ್ಲಿ ಹಾಕಿಬಂದದ್ದು ಅದನ್ನೇ.

ಹದಿನೈದು ದಿನಕ್ಕೆ ಸ್ಟೇಷನ್ ಸತ್ತಿತು. ಮೇಷ್ಟ್ರು ಹೋಗಿ ನೋಡಿದರೆ ಬ್ಯಾಟರಿ ಪೂರ್ತಿ ಖಾಲಿ. ಮುಂಚೆ ಮೂರು ದಿನ ಮೋಡ ಮುಚ್ಚಿಕೊಂಡರೂ ತಡೆಯುತ್ತಿದ್ದದ್ದು ಈಗ ಒಂದೇ ದಿನಕ್ಕೆ ಸುಸ್ತು ಹೊಡೆಯುತ್ತಿತ್ತು. ಚಲಪತಿ ಭಾನುವಾರ ಲ್ಯಾಪ್‌ಟಾಪ್ ಹೊತ್ತು ಹತ್ತಿದ. ಡಬ್ಬಿಯ ಮುಚ್ಚಳ ತೆಗೆದರೆ ಕಂಪ್ಯೂಟರು ಮುಟ್ಟಲಾರದಷ್ಟು ಕಾದಿತ್ತು. ವೈರು ಜೋಡಿಸಿ ನೋಡಿದ. ಮುಂಚೆ ಶೇಕಡ ಐದಾರರಷ್ಟು ದುಡಿಯುತ್ತಿದ್ದ ಪ್ರೊಸೆಸರು ಶೇಕಡ ನೂರರಲ್ಲಿ ನಿಂತಿತ್ತು. ಕೇಳುವುದಕ್ಕೆ ಏನೂ ಇಲ್ಲದಿದ್ದರೂ ನೂರು. ಏನು ಮಾಡಿದರೂ ನೂರು. ಸೋಲಾರ್ ಹಲಗೆ ಕೊಟ್ಟದ್ದೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು.

‘‘ಹಳೇ ಕಾರ್ಡ್ ಹಾಕ್ಬಿಡ್ತೀನಿ ಮೇಷ್ಟ್ರೇ. ಮುಂದಿನ ವಾರ ತರ್ತೀನಿ’’ ಅಂದ ಚಲಪತಿ.

‘‘ಹಾಕು. ಆದ್ರೆ ಹಿಂಗಾಗ್ತಿದೆ ಅಂತ ಅವ್ರಿಗೊಂದು ಬರ್ದಾಕಪ್ಪ. ಬೇರೆ ಇನ್ಯಾರಿಗೋ ಹಿಂಗೇ ಆಗ್ತಿರುತ್ತೆ.’’

‘‘ದೂರು ಕೊಟ್ಟಂಗಾಗುತ್ತೆ. ಬಿಟ್ಟಿ ಮಾಡಿಕೊಟ್ಟಿರೋರಿಗೆ ದೂರೇನು ಹೇಳೋದು?’’

‘‘ದೂರಲ್ಲ ಕಣಯ್ಯ, ಅಬ್ಸರ್ವೇಷನ್ನು. ಕಂಡಿದ್ದನ್ನ ಕಂಡಂಗೆ ಬರಿ. ಪ್ರಾಕ್ಟಿಕಲ್ ರೆಕಾರ್ಡ್ ಬರೀತಿರಲಿಲ್ವಾ, ಹಂಗೆ.’’

ಚಲಪತಿ ಆ ವರದಿಯನ್ನು ಎರಡು ಸಂಜೆ ಕೂತು ಬರೆದ. ಇಂಗ್ಲಿಷಿನಲ್ಲಿ ಅವನಿಗೆ ಅಳುಕು. ಒಂದೊಂದು ವಾಕ್ಯವನ್ನೂ ಮೂರು ಸಲ ತಿದ್ದಿದ. ಯಾವ ಕಂಪ್ಯೂಟರು, ಯಾವ ಆವೃತ್ತಿ, ರೇಡಿಯೊದ ದನಿಯನ್ನು ಅದಕ್ಕೆ ಮುಟ್ಟಿಸುವ ಸೌಂಡ್ ಕಾರ್ಡು ಯಾವುದು, ಮುಂಚೆ ಎಷ್ಟು, ಈಗ ಎಷ್ಟು ಎಂದು ಬರೆದು, ಪರದೆಯ ಚಿತ್ರ ಅಂಟಿಸಿ, ಜುಲೈ ಮೊದಲನೇ ತಾರೀಖು ಪಿಪ್‌ಟೋನಿನವರ ಪುಟದಲ್ಲಿ ಹಾಕಿದ. ಉತ್ತರ ಬರಲಿ ಎಂದು ಹಳೆಯ ಕಾರ್ಡು ಹಾಕುವುದನ್ನು ಮುಂದೂಡಿದ.

ಮೊದಲು ಬಂದ ಉತ್ತರ ಯಾರೋ ಅಪರಿಚಿತನದು: ‘ನನ್ನಲ್ಲಿ ಸರಿಯಾಗಿದೆ.’ ಅಷ್ಟೇ. ಇನ್ನೊಬ್ಬ, ‘ನಿಮ್ಮ ಕಂಪ್ಯೂಟರ್ ಹಳೆಯ ಕಾಲದ್ದು, ಹೊಸದು ತೆಗೆದುಕೊಳ್ಳಿ’ ಅಂದ. ಮೂರನೆಯವನು ನನಗೂ ಹಾಗೇ ಆಗುತ್ತಿದೆ ಎಂದು ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಹೋದ. ಹತ್ತನೇ ದಿನಕ್ಕೆ, ಆ ತಂತ್ರಾಂಶವನ್ನು ನೋಡಿಕೊಳ್ಳುವ ಮುಖ್ಯಸ್ಥನೇ ಬರೆದ. ಅವನ ಹೆಸರು ಮಟ್ಟಿ, ಯಾವುದೋ ಚಳಿದೇಶದವನು. ತಡವಾದದ್ದಕ್ಕೆ ಕ್ಷಮೆ ಕೇಳಿದ್ದ, ತಂದೆ ಆಸ್ಪತ್ರೆಯಲ್ಲಿದ್ದಾರಂತೆ. ಇಷ್ಟು ಚೊಕ್ಕವಾಗಿ ಬರೆದ ವರದಿ ತನಗೆ ಈ ವರ್ಷ ಬಂದೇ ಇಲ್ಲ ಎಂದೂ ಹೊಗಳಿದ್ದ. ಆದರೆ ತನ್ನ ಕಡೆ ತಪ್ಪು ಕಾಣಿಸಿಕೊಳ್ಳುತ್ತಿಲ್ಲ. ಕಂಪ್ಯೂಟರು ಕ್ಷಣಕ್ಷಣಕ್ಕೂ ಏನು ಮಾಡುತ್ತಿದೆ ಎಂದು ಅದೇ ಬರೆದುಕೊಳ್ಳುವಂತೆ ಮಾಡಿ, ಒಂದು ವಾರದ ಆ ದಾಖಲೆಯನ್ನು ಕಳಿಸಲಾಗುತ್ತದೆಯೇ? ‘ದಯವಿಟ್ಟು ಅಲ್ಲಿಯವರೆಗೂ ಹಳೆಯ ಆವೃತ್ತಿಗೆ ಹಿಂದಿರುಗಬೇಡಿ. ಈ ತಪ್ಪು ಹಿಡಿಯಲು ಸದ್ಯಕ್ಕೆ ನಿಮ್ಮದೊಂದೇ ದಾರಿ.’

ಚಲಪತಿ ಆ ಪತ್ರವನ್ನು ಮೇಷ್ಟ್ರಿಗೆ ಓದಿ ಹೇಳಿದಾಗ ಅವನ ದನಿಯಲ್ಲಿದ್ದ ಹಿಗ್ಗು ಅವನಿಗೇ ಕೇಳಿಸುತ್ತಿತ್ತು. ಯಾವುದೋ ದೇಶದ ಬುದ್ಧಿವಂತನಿಗೆ ಇವನ ಕೈಯಿಂದ ಆಗಬೇಕಾದ ಕೆಲಸವಿತ್ತು.

‘‘ಒಂದು ವಾರ ತಾನೆ? ಮಾಡಣ ಬಿಡು’’ ಅಂದರು ಮೇಷ್ಟ್ರು. ‘‘ಬ್ಯಾಟರಿ ಇಳಿದ್ರೆ ನಾನು ಇನ್ನೊಂದು ಒಯ್ದು ಹಾಕ್ತೀನಿ. ಹೆಂಗಿದ್ರೂ ನಡೆಯೋಕೆ ಹೋಗ್ಬೇಕಲ್ಲ ದಿನಾ.’’

ಬ್ಯಾಟರಿ ಏಳು ಕೇಜಿ. ಬೆನ್ನಿನ ಚೀಲಕ್ಕೆ ಹಾಕಿಕೊಂಡು ಮೇಷ್ಟ್ರು ದಿನ ಬಿಟ್ಟು ದಿನ ಹತ್ತಿದರು. ಆಷಾಢದ ಮೋಡ ಕದಲಲೇ ಇಲ್ಲ. ಕರೆಂಟು ನಡುವೆ ನಿಂತಾಗಲೆಲ್ಲ ದಾಖಲೆ ತುಂಡಾಗಿ, ವಾರದ ಎಣಿಕೆ ಮೊದಲಿನಿಂದ ಶುರು. ಒಂದು ವಾರ ಮೂರು ವಾರವಾಯಿತು. ಕಳಿಸಿದ ದಾಖಲೆ ನೋಡಿ ಮಟ್ಟಿ, ಬಹುಶಃ ಸೌಂಡ್ ಕಾರ್ಡಿನ ಕಡೆ ಇರಬೇಕು, ಇನ್ನೊಂದು ಬಗೆಯಲ್ಲಿ ದಾಖಲಿಸಿ ಎಂದ. ಚಲಪತಿಗೆ ಸಂಕೋಚವಾಯಿತು. ಆದರೂ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದ.

‘‘ಇನ್ನೊಂದೇ ಒಂದು ವಾರ ಮೇಷ್ಟ್ರೇ. ನಿಮಗೆ ಕಷ್ಟ ಆದ್ರೆ ಬೇಡ. ಹಳೇದು ಹಾಕ್ಬಿಡಣ.’’

ಮೇಷ್ಟ್ರ ಉಸಿರು ಸ್ವಲ್ಪ ಜೋರಾಗಿತ್ತು.

‘‘ಮಂಡಿ ಒಂಚೂರು ಹಿಡ್ಕೊಂಡದೆ. ಇರ್ಲಿ. ಅರ್ಧಕ್ಕೆ ಬಿಟ್ಟ ಅಬ್ಸರ್ವೇಷನ್ನು ಅಬ್ಸರ್ವೇಷನ್ನೇ ಅಲ್ಲ’’ ಅಂದರು.

ಬೇಡ ಮೇಷ್ಟ್ರೇ ಎಂದು ಚಲಪತಿ ಆಗ ಅನ್ನಬಹುದಿತ್ತು. ಅನ್ನಲಿಲ್ಲ.

ಆಗಸ್ಟ್ ತಿಂಗಳ ಒಂದು ಗುರುವಾರ ಕಾಲೇಜಿನಲ್ಲಿ ಇಂಟರ್ನಲ್ಸ್ ನಡೆಯುತ್ತಿತ್ತು. ಬೆಳಗಿನಿಂದ ತುಂತುರು. ಚಲಪತಿ ಹನ್ನೆರಡೂವರೆಗೆ ಫೋನು ತೆಗೆದು ನೋಡಿದ. ಸ್ಟೇಷನ್ ಕೊನೆಯ ಸಲ ಮಾತಾಡಿದ್ದು ಹಿಂದಿನ ಸಂಜೆ ನಾಲ್ಕು ಗಂಟೆಗೆ. ಮತ್ತೆ ಇಳಿದಿದೆ, ಮೇಷ್ಟ್ರು ಇವತ್ತು ಬ್ಯಾಟರಿ ಒಯ್ದಿರಬೇಕು ಅಂದುಕೊಂಡ. ಮೂರು ಗಂಟೆಗೆ ಮತ್ತೆ ನೋಡಿದ. ಏನೂ ಇಲ್ಲ. ಮಳೆಗೆ ತಡ ಮಾಡಿರಬೇಕು ಅಂದುಕೊಂಡು ಫೋನನ್ನು ಜೇಬಿಗೆ ಹಾಕಿದ. ಜೂನಿಗೆ ಮುಂಚೆ ಆ ಸ್ಟೇಷನ್ ಒಂದು ಗಂಟೆ ಸುಮ್ಮನಿದ್ದರೂ ಅವನು ಬೈಕು ಹತ್ತಿಬಿಡುತ್ತಿದ್ದ. ಎರಡು ತಿಂಗಳಲ್ಲಿ ಆ ಮೌನ ಅಭ್ಯಾಸವಾಗಿ ಹೋಗಿತ್ತು.

ಐದು ಗಂಟೆಗೆ ಮುನಿಶಾಮಮ್ಮನ ಫೋನು.

‘‘ಚಲಪತೀ, ಮೇಷ್ಟ್ರು ನಿಮ್ಮನೆ ಕಡೆ ಏನಾದ್ರೂ ಬಂದವ್ರೇನಪ್ಪ? ಬೆಳಿಗ್ಗೆ ತಿಂಡಿ ತಿಂದು ಹೋದೋರು. ಊಟಕ್ಕೂ ಬಂದಿಲ್ಲ.’’

‘‘ಬರ್ತಾ ಇದೀನಮ್ಮ’’ ಅಂದಷ್ಟೇ ನೆನಪು.

ಸುನೀಲ್‌ಕುಮಾರ್ ದ್ರಾಕ್ಷಿ ತೋಟದಿಂದ ಆಳುಗಳನ್ನು ಕರೆದುಕೊಂಡು ಆಗಲೇ ಹತ್ತಲು ಶುರು ಮಾಡಿದ್ದ. ಚಲಪತಿ ಓಡಿ ಕೂಡಿಕೊಂಡ. ಎಲ್ಲಿ ಹುಡುಕಬೇಕೆಂದು ಅವನಿಗೆ ಮಾತ್ರ ಗೊತ್ತಿತ್ತು. ಸ್ಟೇಷನ್ನಿಗೆ ಹಿಂಬದಿಯಿಂದ ಒಂದು ಹತ್ತಿರದ ದಾರಿ. ಮಂಡಿ ನೋವಿಗೆ ಮೇಷ್ಟ್ರು ಈಚೆಗೆ ಆ ದಾರಿ ಹಿಡಿಯುತ್ತಿದ್ದರು. ಮಂಜು ಕವಿದು ನಾಲ್ಕು ಮಾರು ಆಚೆ ಕಾಣದು. ಬೆಳಕು ಇನ್ನೂ ಸ್ವಲ್ಪ ಉಳಿದಿರುವಾಗಲೇ, ನೀರು ನಿಲ್ಲುವ ದೊಣೆಯ ಕೆಳಗಿನ ಬಂಡೆಗೆ ಒರಗಿ ಕೂತಂತೆ ಮೇಷ್ಟ್ರು ಸಿಕ್ಕಿದರು. ಎಡಗಾಲು ಮೊಣಕಾಲಿನ ಕೆಳಗೆ ತಿರುಚಿ ಹೋಗಿತ್ತು. ಅದರ ಮೇಲೆ ಬಿಗಿದು ಕಟ್ಟಿದ ಟವೆಲ್ಲು ಕಪ್ಪಾಗಿತ್ತು. ಮೈ ತಣ್ಣಗಿತ್ತು. ಬ್ಯಾಟರಿಯ ಚೀಲವನ್ನು ಬೆನ್ನಿನಿಂದ ತೆಗೆದು, ನೆನೆಯದಿರಲೆಂದು ಬಂಡೆಯ ಅಡಿಗೆ ತಳ್ಳಿಟ್ಟಿದ್ದರು. ಸ್ಟೇಷನ್ನಿನ ಕಂಬ ಅಲ್ಲಿಂದ ಮುನ್ನೂರು ಹೆಜ್ಜೆ ಮೇಲೆ.

ಸುನೀಲ್ ‘‘ಅಪ್ಪೋ’’ ಎಂದು ಕೂಗಿದ್ದು ಬಹಳ ಹೊತ್ತು ಬೆಟ್ಟದಲ್ಲಿ ತಿರುಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ರಕ್ತ ನಿಧಾನಕ್ಕೆ ಹೋಗಿದೆ, ಚಳಿಯೂ ಹೊಡೆದಿದೆ, ಮಧ್ಯಾಹ್ನ ಎರಡು ಗಂಟೆವರೆಗೂ ಜೀವ ಇದ್ದಿರಬೇಕು ಅಂದರು. ಪೊಲೀಸಿನವರು ಪಂಚನಾಮೆ ಮುಗಿಸಿ ರೇಡಿಯೊ ಸೆಟ್ಟನ್ನು, ಇದು ನಮಗೆ ತಿಳಿಯಲ್ಲ, ನೀವೇ ನೋಡಿ ಹೇಳಿ ಎಂದು ಚಲಪತಿಯ ಕೈಗೆ ಕೊಟ್ಟರು. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಅವನು ಸೆಟ್ಟಿನಿಂದ ಮೇಷ್ಟ್ರು ಕಳಿಸಿದ್ದ ಸಂದೇಶಗಳ ಪಟ್ಟಿ ತೆಗೆದ. ಹದಿನೇಳು ಇದ್ದವು. ಎಲ್ಲವೂ ಅವನ ಹೆಸರಿಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ.

ಒಂಬತ್ತು ಐವತ್ತೆರಡು: ‘ಬಿದ್ದೆ. ಎಡಗಾಲು ಮುರಿದಿದೆ. ದೊಣೆ ಕೆಳಗೆ. ಇಬ್ಬರನ್ನ ಕಳಿಸು.’ ಹತ್ತು ಗಂಟೆಗೆ ಅದೇ ಮತ್ತೆ. ಹತ್ತೂಕಾಲಿಗೆ ಅದೇ. ಹನ್ನೊಂದಕ್ಕೆ: ‘ರಕ್ತ ನಿಲ್ತಿಲ್ಲ. ಬಿಸಿಲು ಬಂದ್ರೆ ಸ್ಟೇಷನ್ ಏಳುತ್ತೆ. ಕಳಿಸ್ತಾ ಇರ್ತೀನಿ.’ ಹನ್ನೆರಡು ಹದಿನಾಲ್ಕಕ್ಕೆ: ‘ಬಿಸಿಲು ಬಂತು. ಈಗ ಕೇಳ್ತಾ?’ ಆಮೇಲಿನವು ಚಿಕ್ಕದಾಗುತ್ತಾ ಹೋದವು. ಒಂದರಲ್ಲಿ ‘ಚಳಿ’ ಎಂದಷ್ಟೇ. ಕೊನೆಯದು ಒಂದು ಮೂವತ್ತಾರಕ್ಕೆ: ‘ಚಲಪತಿ ಕೇಳ್ತಿದೀಯಾ’.

ಅವನು ಪೊಲೀಸಿನವರಿಗೆ, ಸಹಾಯ ಕೇಳಿ ಕಳಿಸಿದ್ದಾರೆ, ಸ್ಟೇಷನ್ ಕೆಟ್ಟಿದ್ದರಿಂದ ಮುಟ್ಟಿಲ್ಲ ಎಂದು ಬರೆದುಕೊಟ್ಟ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮಣ್ಣು ಮಾಡಿದ ಮಾರನೇ ದಿನ ಚಲಪತಿ ಒಬ್ಬನೇ ಹತ್ತಿ ಹೋಗಿ ಡಬ್ಬಿಯೊಳಗಿನ ಕಂಪ್ಯೂಟರನ್ನು ಮೆಮೊರಿ ಕಾರ್ಡು, ಸೌಂಡ್ ಕಾರ್ಡಿನ ಸಮೇತ ಬಿಚ್ಚಿಕೊಂಡು ಬಂದ. ಯಾಕೆ ಹೋದಿರಿ ಎಂದು ಹೆಂಡತಿ ಮಾಲಾ ಕೇಳಿದಾಗ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಊಟ ಬಿಟ್ಟಿದ್ದ. ಕಾಲೇಜಿಗೆ ರಜೆ ಹಾಕಿದ್ದ. ಕೂತರೆ ಕೂತಲ್ಲೇ. ಕಾರ್ಡಿನಲ್ಲಿದ್ದ ಕೊನೆಯ ದಾಖಲೆಯನ್ನು ತೆರೆದರೆ ಸಾವಿರಾರು ಸಾಲು. ಕಣ್ಣಿಗೆ ಏನೂ ಹತ್ತಲಿಲ್ಲ. ಮೇಷ್ಟ್ರು ಅರ್ಧಕ್ಕೆ ಬಿಡಬಾರದು ಅಂದಿದ್ದರಲ್ಲ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಒಂದು ಮಾತೂ ಬರೆಯದೆ ಆ ದಾಖಲೆಯನ್ನು ವರದಿಯ ಕೆಳಗೆ ಹಾಗೇ ಏರಿಸಿದ.

ಎರಡೇ ದಿನಕ್ಕೆ ಮಟ್ಟಿಯ ಉತ್ತರ ಬಂತು. ಈ ಸಲ ಅವನ ಬರಹದಲ್ಲಿ ಉತ್ಸಾಹ ಉಕ್ಕುತ್ತಿತ್ತು. ಸಿಕ್ಕಿತು! ನೀವು ಕಳಿಸಿದ ಕೊನೆಯ ದಾಖಲೆಯಲ್ಲೇ ಸಿಕ್ಕಿತು! ಸೌಂಡ್ ಕಾರ್ಡು ಒಂದು ಕ್ಷಣ ತಪ್ಪಿಹೋಗಿ ಮತ್ತೆ ಸಿಕ್ಕರೆ, ಕಾಯಬೇಕಾದ ಕಡೆ ಪಿಪ್‌ಟೋನ್ ಕಾಯದೆ, ‘ಬಂತಾ, ಬಂತಾ’ ಎಂದು ಬಿಡುವಿಲ್ಲದೆ ಕೇಳುತ್ತಲೇ ಇರುತ್ತದೆ. ಪ್ರೊಸೆಸರಿನ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ‘ಗುರುವಾರ ಮಧ್ಯಾಹ್ನದ ಸಾಲುಗಳನ್ನು ನೋಡಿ. ಹನ್ನೆರಡು ಹನ್ನೊಂದಕ್ಕೆ ನಿಮ್ಮ ಸ್ಟೇಷನ್ ಎದ್ದಿದೆ. ಆರು ನಿಮಿಷದಲ್ಲಿ ನಾಲ್ಕು ಸಂದೇಶಗಳು ಸ್ಪಷ್ಟವಾಗಿ ಬಂದು ಸೇರಿವೆ. ಒಂದನ್ನೂ ಬಿಡಿಸಿ ಓದಿಲ್ಲ! ಪ್ರೊಸೆಸರು ಬಿಡುವಾಗುವುದನ್ನು ಕಾಯುತ್ತಾ ಅವು ಸಾಲಿನಲ್ಲಿ ನಿಂತಿವೆ. ಅಷ್ಟರಲ್ಲಿ ಕರೆಂಟು ಹೋಗಿದೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ.’ ಕೆಳಗೆ ಅವನು ಮಾಡಿದ ತಿದ್ದುಪಡಿ ಇತ್ತು. ಒಂದು ಸಾಲು. ಒಂದು ಸೆಕೆಂಡಿನ ನೂರನೇ ಒಂದು ಭಾಗ ಸುಮ್ಮನಿರು ಎಂದು ಹೇಳುವ ಸಾಲು. ‘ನಿಮ್ಮ ತಾಳ್ಮೆಗೆ ಧನ್ಯವಾದ. ಪರೀಕ್ಷಿಸಿ ನೋಡಿ ತಿಳಿಸುತ್ತೀರಾ?’

ಚಲಪತಿ ಎದ್ದು ಮೇಜಿನ ಡ್ರಾಯರಿನಿಂದ ಹಳೆಯ ಕಾರ್ಡನ್ನು ತೆಗೆದು ಹಿಡಿದುಕೊಂಡ. ಮಾಲಾ ಬಂದು ಬೆನ್ನು ಸವರಿದಳು.

‘‘ಏನಾಯ್ತು ಹೇಳ್ರೀ.’’

‘‘ಕೇಳಿಸಿತ್ತು ಕಣೇ’’ ಅಂದ ಅವನು. ‘‘ಸ್ಟೇಷನ್ನಿಗೆ ಕೇಳಿಸಿತ್ತು. ಮೇಷ್ಟ್ರು ಕೂಗಿದ್ದು ಕೇಳಿಸಿತ್ತು. ಹಳೇದು ಹಾಕಿದ್ರೆ ಆವಾಗ್ಲೇ ನನ್ನ ಫೋನಿಗೆ ಬಂದಿರೋದು. ಹನ್ನೆರಡೂವರೆಗೆ ಫೋನು ನನ್ನ ಕೈಯಲ್ಲೇ ಇತ್ತು.’’

ನಿಮ್ಮದೇನು ತಪ್ಪು, ಹಂಗೆಲ್ಲ ಅಂದ್ಕೋಬೇಡಿ ಎಂದು ಮಾಲಾ ಹೇಳುತ್ತಲೇ ಇದ್ದಳು.

ಅವನು ಮನೆಯ ಮೇಜಿನ ಮೇಲೆ ಅದೇ ಕಂಪ್ಯೂಟರಿನಲ್ಲಿ ತಿದ್ದಿದ ಆವೃತ್ತಿಯನ್ನು ಓಡಿಸಿದ. ಒಂದು ಇಡೀ ದಿನ ನೋಡಿದ. ಶೇಕಡ ಆರು. ಸೌಂಡ್ ಕಾರ್ಡನ್ನು ಕಿತ್ತು ಹಾಕಿ ನೋಡಿದ. ಆರೇ. ಆಮೇಲೆ ವರದಿಯ ಪುಟ ತೆಗೆದು ಬರೆಯತೊಡಗಿದ. ನಿಮ್ಮ ಉದಾಹರಣೆ ನನ್ನ ಮೇಷ್ಟ್ರು ಎಂದು ಶುರುಮಾಡಿ, ಬೆಟ್ಟ, ಬ್ಯಾಟರಿ, ದೊಣೆ, ಹದಿನೇಳು ಸಂದೇಶ ಎಲ್ಲವನ್ನೂ ಬರೆದ. ಈ ಸಲ ಇಂಗ್ಲಿಷ್ ಎಲ್ಲೂ ತಡವರಿಸಲಿಲ್ಲ. ಬರೆದು ಮುಗಿಸಿ ಓದಿದ. ಆ ಮನುಷ್ಯನಿಗೂ ತಂದೆ ಆಸ್ಪತ್ರೆಯಲ್ಲಿ. ಕೂಲಿಯಿಲ್ಲದೆ ಯಾರ್‍ಯಾರಿಗೋ ದುಡಿಯುವವನು. ಹಳೆಯದಕ್ಕೆ ಹಿಂದಿರುಗಬೇಡಿ ಎಂದು ಅವನು ಕೇಳಿದ್ದು ನಿಜ. ಬ್ಯಾಟರಿಯನ್ನು ಅರವತ್ತು ದಾಟಿದವರ ಬೆನ್ನ ಮೇಲೆ ಹೊರಿಸು ಎಂದು ಅವನು ಹೇಳಿರಲಿಲ್ಲ. ಬೆಟ್ಟದ ಮೇಲೆ ಹಾಗೊಬ್ಬರು ಇದ್ದಾರೆ ಎಂಬುದನ್ನೇ ಚಲಪತಿ ಅವನಿಗೆ ತಿಳಿಸಿರಲಿಲ್ಲ. ಎಲ್ಲ ಅಳಿಸಿದ. ‘ಪರೀಕ್ಷಿಸಿದೆ. ಶೇಕಡ ಆರು. ಸರಿಯಾಗಿದೆ’ ಎಂದು ಬರೆದು ಕಳಿಸಿದ.

ವರದಿ ಮುಚ್ಚಿತು. ಅದರ ಕೆಳಗೆ ಒಬ್ಬ, ‘ಅಂತೂ ನನ್ನ ಲ್ಯಾಪ್‌ಟಾಪಿನ ಫ್ಯಾನಿನ ಗಲಾಟೆ ನಿಂತಿತು!’ ಎಂದು ನಗುವ ಮುಖ ಹಾಕಿದ್ದ. ಇಪ್ಪತ್ತಮೂರು ಜನ ಹೆಬ್ಬೆರಳೊತ್ತಿದ್ದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಚಲಪತಿ ಹೋಗಿದ್ದರೂ ಜನದ ನಡುವೆ ಮಾತಾಡಲು ಆಗಿರಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕಳವಾರಕ್ಕೆ ಹೊರಟ. ಸುನೀಲ್ ಹಟ್ಟಿಯ ಮುಂದೆ ಸ್ಪ್ರೇಯರಿಗೆ ನೀರು ತುಂಬುತ್ತಿದ್ದ. ಇವನನ್ನು ಕಂಡು ಕೊಳಾಯಿ ನಿಲ್ಲಿಸಿದ. ಮುನಿಶಾಮಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಅವರೆಕಾಳು ಆರಿಸುತ್ತಿದ್ದರು.

‘‘ಬಾಪ್ಪ. ಕೂತ್ಕೋ. ಸೊರಗಿ ಹೋಗಿದೀಯ.’’

‘‘ಅಮ್ಮ, ನಿಮಗೊಂದು ಮಾತು ಹೇಳ್ಬೇಕು.’’

ಅವನು ಹೇಳಿದ. ಜೂನಿನಿಂದ ಮೊದಲುಮಾಡಿ ಯಾವುದನ್ನೂ ಬಿಡದೆ, ಅವರಿಗೆ ತಿಳಿಯುವ ಹಾಗೆ. ಹಳೆಯ ಕಾರ್ಡು ತನ್ನ ಮನೆಯ ಡ್ರಾಯರಿನಲ್ಲೇ ಇತ್ತು, ಹಾಕಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು, ಮೇಷ್ಟ್ರು ಬ್ಯಾಟರಿ ಹೊರುವ ಕೆಲಸವೇ ಇರುತ್ತಿರಲಿಲ್ಲ ಎಂದೂ ಹೇಳಿದ. ಮುನಿಶಾಮಮ್ಮನ ಬೆರಳು ಮೊರದ ಮೇಲೆ ನಿಂತಿತು.

‘‘ಆವತ್ತೊಂದಿನ ಅಲ್ದೆ ಮುಂಚಿಂದ್ಲೂ ಬ್ಯಾಟರಿ ಹೊತ್ಕೊಂಡು ಹೋಗ್ತಿದ್ರಾ?’’

ಅವರಿಗೆ ಗೊತ್ತಿರಲಿಲ್ಲ. ಚಲಪತಿ ಅದನ್ನು ಎಣಿಸಿಯೇ ಇರಲಿಲ್ಲ.

‘‘ನಡೆಯೋಕೆ ಹೋಗ್ತೀನಿ ಅಂತಿದ್ರು. ಚೀಲದಲ್ಲಿ ಏನು ಅಂದ್ರೆ ನೀರು ಅಂತಿದ್ರು. ಸಾಯಂಕಾಲ ಬಂದು ಮಂಡಿಗೆ ಎಣ್ಣೆ ಹಚ್ಚು ಅನ್ನೋರು. ನಡೆದಿದ್ದಕ್ಕೆ ಅಂತ ನಾನು ಬೈಕೊಂಡು ಹಚ್ಚೀನಿ.’’ ಆಮೇಲೆ ಕೇಳಿದರು: ‘‘ಹಳೇದು ನಿನ್ನ ಹತ್ರ ಇರೋದು ಅವ್ರಿಗೆ ಗೊತ್ತಿತ್ತಾ?’’

‘‘ಗೊತ್ತಿತ್ತಮ್ಮ.’’

‘‘ಗೊತ್ತಿದ್ದೂ ಹೋದ್ರು.’’

ಬಾಗಿಲಲ್ಲಿ ಸುನೀಲ್ ಬಂದು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖ ಕೆಂಪೇರಿತ್ತು. ‘‘ಅದ್ಯಾವನಿಗೋ, ಯಾವ ದೇಶದೋನಿಗೋ ರಿಪೋರ್ಟ್ ಬರ್‍ಯೋಕೆ ನಮ್ಮಪ್ಪನ್ನ ಬೆಟ್ಟ ಹತ್ತಿಸ್ದೆ ಅಲ್ವಾ? ವಾರದಲ್ಲಿ ಒಂದಿನ ಬಂದು ನೀನು ಹೊತ್ಕೊಂಡು ಹೋಗೋಕೆ ಆಗ್ತಿರಲಿಲ್ವಾ?’’

‘‘ಆಗ್ತಿತ್ತು’’ ಅಂದ ಚಲಪತಿ.

‘‘ಸುಮ್ನಿರು ಸುನೀಲ’’ ಅಂದರು ಮುನಿಶಾಮಮ್ಮ. ಮಗ ನೆಲ ಒದ್ದಂತೆ ಹೆಜ್ಜೆ ಹಾಕುತ್ತಾ ತೋಟದ ಕಡೆಗೆ ಹೋದ. ಅವರು ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. ‘‘ಅದ್ರಲ್ಲಿ ಏನೇನೋ ಬರೆದು ಕಳ್ಸಿದ್ರು ಅಂತ ಪೊಲೀಸಿನೋರು ಅಂದ್ರು. ನೀನು ಓದಿದೀಯ.’’

‘‘ಓದಿದೀನಮ್ಮ.’’

‘‘ನನ್ನ ಮಾತೇನಾದ್ರೂ ಬರೆದಿದ್ರಾ?’’

ಹೂಂ ಅನ್ನುವುದು ಬಹಳ ಸುಲಭವಿತ್ತು. ಅಮ್ಮನನ್ನು ನೋಡಿಕೋ ಎಂದು ಬರೆದಿದ್ದರು ಅಂದರೆ ಮುಗಿಯುತ್ತಿತ್ತು. ಸೆಟ್ಟು ಅವನ ಬಳಿಯೇ ಇತ್ತು, ತೆಗೆದು ನೋಡುವವರು ಯಾರೂ ಇಲ್ಲ. ನಾಲಿಗೆಯ ತುದಿವರೆಗೂ ಬಂತು. ಆದರೆ ಕಂಡದ್ದನ್ನು ಕಂಡ ಹಾಗಲ್ಲದೆ ಬೇರೆ ಹೇಳಲು ಆ ನಡುಮನೆಯಲ್ಲಿ ಅವನಿಗೆ ಬಾಯಿ ಬರಲಿಲ್ಲ.

‘‘ಇಲ್ಲಮ್ಮ. ಎಲ್ಲಾ ನಂಗೇ ಬರೆದಿದ್ರು. ಕೇಳ್ತಿದೀಯಾ, ಕೇಳ್ತಿದೀಯಾ ಅಂತ.’’

ಮುನಿಶಾಮಮ್ಮ ತಲೆ ಆಡಿಸಿದರು. ಅಳಲಿಲ್ಲ. ನಲವತ್ತು ವರ್ಷ ಒಟ್ಟಿಗೆ ಬಾಳಿದ ಮನುಷ್ಯ ನಾಲ್ಕು ಗಂಟೆ ಹೊತ್ತು ಒಬ್ಬನೇ ಕೂತು ಯಾರನ್ನು ಕೂಗಿದ ಎಂಬುದನ್ನು ಅವರು ಒಳಗೆ ಇಳಿಸಿಕೊಳ್ಳುತ್ತಿದ್ದರು. ಸುಳ್ಳು ಹೇಳಬೇಕಿತ್ತು ಎಂದು ಚಲಪತಿಗೆ ಆಗ ಅನ್ನಿಸಿತು. ಹೊತ್ತು ಮೀರಿತ್ತು.

‘‘ನಿನ್ನ ಮೇಲೆ ನಂಗೆ ಸಿಟ್ಟಿಲ್ಲಪ್ಪ’’ ಅಂದರು ಕೊನೆಗೆ. ‘‘ಅವ್ರಿಗೂ ಇರಲಿಲ್ಲ ಅನ್ಸುತ್ತೆ. ಆದ್ರೆ ಇನ್ನು ಬರ್ಬೇಡ. ನೀನು ಬಂದ್ರೆ ಅವ್ರು ಬಾಗಿಲ ಕಡೆ ತಿರುಗಿ ನಗೋರು ನೋಡು, ಅದು ಕಾಣುತ್ತೆ ನಂಗೆ. ತಡ್ಕೊಳಾಕಾಗಲ್ಲ.’’

‘‘ಆಯ್ತಮ್ಮ.’’

‘‘ಕಾಫಿ ಕುಡ್ಕೊಂಡು ಹೋಗು.’’

ಅವರು ಒಳಗೆ ಹೋಗಿ ಒಲೆ ಹಚ್ಚಿದ್ದು ಕೇಳಿಸಿತು. ಚಲಪತಿ ಕೂತ. ಲೋಟ ಬಂತು. ಕುಡಿದ. ಸಕ್ಕರೆ ಹಾಕುವುದು ಮರೆತಿದ್ದರು. ಖಾಲಿ ಲೋಟವನ್ನು ತಾನೇ ತೊಳೆದು ಜಗಲಿಯ ದಿಂಡಿನ ಮೇಲೆ ಮಗುಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬೈಕಿನ ಹತ್ತಿರ ಬಂದ. ಚಾವಿ ಹಾಕಿ ಎರಡು ಸಲ ಒದ್ದರೂ ಗಾಡಿ ಹತ್ತಲಿಲ್ಲ. ತೋಟದ ಬದುವಿನ ಮೇಲೆ ನಿಂತಿದ್ದ ಸುನೀಲ್ ನೋಡುತ್ತಿದ್ದ. ಚಲಪತಿ ಗಾಡಿಯನ್ನು ತಳ್ಳಿಕೊಂಡೇ ಊರು ದಾಟಿ ರಸ್ತೆಗೆ ಬಂದ.